ಪಿಕಪ್ ಎಲ್ಲಿ ಹೋಯಿತು? ಗೇರಿಲ್ಲದ ಗಾಡಿಯ ಬೆಲ್ಟಿನ ನೂರು ವರ್ಷದ ಕಥೆ

ಗೇರಿಲ್ಲದ ಸ್ಕೂಟರ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಅನುಭವ ಆಗಿಯೇ ಇರುತ್ತದೆ. ಹಿಂದೆ ಒಬ್ಬರು ಕೂತಿದ್ದಾರೆ. ಮುಂದೆ ಕಾಲ ಬಳಿ ಒಂದು ಮೂಟೆ ಇದೆ. ಕೆರೆ ಏರಿ ಹತ್ತಬೇಕು. ಆಕ್ಸಿಲರೇಟರ್ ತಿರುವುತ್ತೀರಿ. ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಎತ್ತಿನ ಗಾಡಿಯ ಹಾಗೆ ತೆವಳುತ್ತದೆ. ಹಿಂದೆ ಬಂದ ಟೆಂಪೋದವನು ಹಾರ್ನ್ ಹೊಡೆಯುತ್ತಾನೆ.

ಊರಿಗೆ ಬಂದು ಹೇಳಿದರೆ ಸಲಹೆಗಳಿಗೇನೂ ಕೊರತೆಯಿಲ್ಲ. ‘ಎಂಜಿನ್ ಹೋಗಿದೆ, ಬೋರ್ ಮಾಡಿಸು’ ಅನ್ನುವವರು ಒಬ್ಬರು. ‘ಮಾರಿ ಬೇರೆ ತಗೊ’ ಅನ್ನುವವರು ಇನ್ನೊಬ್ಬರು. ಮೊಬೈಲಿನಲ್ಲಿ ವಿಡಿಯೋ ನೋಡಿದ ಹುಡುಗ ‘ರೋಲರ್ ಬದಲಾಯಿಸಿದರೆ ರಾಕೆಟ್ ಆಗುತ್ತೆ’ ಅನ್ನುತ್ತಾನೆ.

ಮೂವರಲ್ಲಿ ಸರಿಯಾದ ಜಾಗಕ್ಕೆ ಹತ್ತಿರ ಬಂದವನು ಆ ಹುಡುಗನೇ. ಆದರೆ ಅವನ ಉತ್ತರವೂ ಅರ್ಧವೇ. ಗೇರಿಲ್ಲದ ಗಾಡಿಯ ಪಿಕಪ್ ಇರುವುದು ಎಂಜಿನ್‌ನಲ್ಲಿ ಮಾತ್ರ ಅಲ್ಲ. ಗಾಡಿಯ ಎಡಗಡೆ ಉದ್ದಕ್ಕೆ ಚಾಚಿಕೊಂಡಿರುವ ಆ ಡಬ್ಬಿಯೊಳಗೂ ಇದೆ. ಅಲ್ಲಿ ಒಂದು ಬೆಲ್ಟ್, ಎರಡು ಪುಲ್ಲಿ, ಕೆಲವು ರೋಲರ್, ಒಂದು ಸ್ಪ್ರಿಂಗ್ ಮತ್ತು ಒಂದು ಕ್ಲಚ್ ಇರುತ್ತವೆ. ಮೂರು ವರ್ಷ ಗಾಡಿ ಓಡಿಸಿಯೂ ಆ ಡಬ್ಬಿಯನ್ನು ಒಮ್ಮೆಯೂ ತೆಗೆಸದವರು ನಮ್ಮಲ್ಲಿ ಬಹಳ ಜನ.

ಆ ಡಬ್ಬಿಯೊಳಗಿನ ವ್ಯವಸ್ಥೆಗೆ ನೂರು ವರ್ಷಕ್ಕಿಂತ ಹೆಚ್ಚಿನ ಇತಿಹಾಸವಿದೆ. ಅದನ್ನು ತಿಳಿದುಕೊಂಡರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎನ್ನುವುದೂ ಗೊತ್ತಾಗುತ್ತದೆ.

ಗಿರಣಿಯ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮೂರಿನ ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ಮೋಟಾರಿಗೆ ಚಿಕ್ಕ ಪುಲ್ಲಿ, ಕಲ್ಲಿನ ಕಡೆಗೆ ದೊಡ್ಡ ಪುಲ್ಲಿ, ನಡುವೆ ಬೆಲ್ಟ್ ಇದೆ ಎಂದುಕೊಳ್ಳಿ. ಮೋಟಾರು ಹಲವು ಸುತ್ತು ಸುತ್ತಿದಾಗ ಕಲ್ಲು ಒಂದು ಸುತ್ತು ಸುತ್ತುತ್ತದೆ. ವೇಗ ಕಡಿಮೆಯಾಗುತ್ತದೆ, ಬಲ ಹೆಚ್ಚುತ್ತದೆ. ಮೋಟಾರಿನ ಪುಲ್ಲಿ ದೊಡ್ಡದು ಮಾಡಿ ಕಲ್ಲಿನ ಪುಲ್ಲಿ ಚಿಕ್ಕದು ಮಾಡಿದರೆ ವೇಗ ಹೆಚ್ಚಿ ಬಲ ಕಡಿಮೆಯಾಗುತ್ತದೆ.

ಗಾಡಿಗೆ ಎರಡೂ ಬೇಕು. ಹೊರಡುವಾಗ, ಏರು ಹತ್ತುವಾಗ ಬಲ ಬೇಕು. ಸಮತಟ್ಟಾದ ರಸ್ತೆಯಲ್ಲಿ ವೇಗ ಬೇಕು. ಗೇರು ಇರುವ ಬೈಕಿನಲ್ಲಿ ಹಲ್ಲಿನ ಚಕ್ರಗಳನ್ನು ಕಾಲಿನಿಂದ ಬದಲಾಯಿಸುತ್ತೇವೆ. ಗೇರಿಲ್ಲದ ಗಾಡಿಯಲ್ಲಿ ಪುಲ್ಲಿಗಳೇ ಓಡುತ್ತಾ ಓಡುತ್ತಾ ಚಿಕ್ಕದು ದೊಡ್ಡದು ಆಗುತ್ತವೆ.

ಅದು ಹೇಗೆ ಸಾಧ್ಯ? ಎರಡು ಊಟದ ತಟ್ಟೆಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿ. ಅಂಚಿನ ಕಡೆ ಅವುಗಳ ನಡುವೆ ಇಳಿಜಾರಾದ ಸಂದು ಕಾಣುತ್ತದೆ. ಅದೇ ಆಕಾರದ ಬೆಲ್ಟ್ ಆ ಸಂದಿನಲ್ಲಿ ಕೂರುತ್ತದೆ. ತಟ್ಟೆಗಳನ್ನು ದೂರ ಸರಿಸಿದರೆ ಬೆಲ್ಟ್ ನಡುವಿಗೆ ಇಳಿಯುತ್ತದೆ, ಪುಲ್ಲಿ ಚಿಕ್ಕದಾದ ಹಾಗೆ. ಹತ್ತಿರ ತಂದರೆ ಬೆಲ್ಟ್ ಅಂಚಿಗೆ ಏರುತ್ತದೆ, ಪುಲ್ಲಿ ದೊಡ್ಡದಾದ ಹಾಗೆ. ಇಷ್ಟೇ ಉಪಾಯ. ಇನ್ನು ಆ ತಟ್ಟೆಗಳನ್ನು ಸರಿಸುವವರು ಯಾರು ಎಂಬುದೇ ಈ ಇತಿಹಾಸದ ಪ್ರಶ್ನೆ.

ಸ್ಪರ್ಧೆಯಿಂದ ಹೊರಗಿಟ್ಟ ಬೈಕ್

ಮೊದಲು ಸರಿಸಿದ್ದು ಸವಾರನ ಕೈ.

ಇಂಗ್ಲೆಂಡಿನಲ್ಲಿ 1900ರ ಆಸುಪಾಸಿನ ಮೋಟಾರ್ ಸೈಕಲ್‌ಗಳಲ್ಲಿ ಹೆಚ್ಚಿನವಕ್ಕೆ ಗೇರೇ ಇರಲಿಲ್ಲ. ಎಂಜಿನ್‌ನಿಂದ ಹಿಂದಿನ ಚಕ್ರಕ್ಕೆ ಒಂದು ಬೆಲ್ಟ್, ಅಷ್ಟೆ. ಏರು ಬಂದರೆ ಪೆಡಲ್ ತುಳಿಯಬೇಕು, ಆಗದಿದ್ದರೆ ಇಳಿದು ಪಕ್ಕದಲ್ಲಿ ಓಡುತ್ತಾ ತಳ್ಳಬೇಕು.

1907ರ ಹೊತ್ತಿಗೆ ಝೆನಿತ್ ಕಂಪನಿಯ ಫ್ರೆಡ್ಡಿ ಬಾರ್ನ್ಸ್ ಎಂಬ ಎಂಜಿನಿಯರ್ ‘ಗ್ರಾಡುವಾ’ ಎಂಬ ಗೇರ್ ಮಾಡಿದರು. ಸವಾರ ಒಂದು ಹಿಡಿಯನ್ನು ತಿರುಗಿಸಿದರೆ ಎಂಜಿನ್ ಕಡೆಯ ಪುಲ್ಲಿಯ ತಟ್ಟೆಗಳು ಹತ್ತಿರ ಅಥವಾ ದೂರ ಸರಿಯುತ್ತಿದ್ದವು. ಬೆಲ್ಟ್ ಸಡಿಲವಾಗಬಾರದಲ್ಲ, ಅದಕ್ಕೆ ಅದೇ ಹಿಡಿ ಹಿಂದಿನ ಚಕ್ರವನ್ನೂ ಹಿಂದೆ ಮುಂದೆ ಸರಿಸುತ್ತಿತ್ತು. ಗಾಡಿ ನಿಲ್ಲಿಸದೆ, ಏರಿನ ಮಧ್ಯದಲ್ಲೇ ಬಲ ಹೆಚ್ಚಿಸಿಕೊಳ್ಳಬಹುದಿತ್ತು.

ಗುಡ್ಡ ಹತ್ತುವ ಸ್ಪರ್ಧೆಗಳಲ್ಲಿ ಝೆನಿತ್ ಗೆಲ್ಲತೊಡಗಿತು. ಉಳಿದವರಿಗೆ ಇದು ಅನ್ಯಾಯ ಅನಿಸಿತು. ಹಲವು ಕ್ಲಬ್‌ಗಳು ಒಂದೇ ಗೇರಿನ ಗಾಡಿಗಳ ಸ್ಪರ್ಧೆಯಿಂದ ಝೆನಿತನ್ನು ಹೊರಗಿಟ್ಟವು. ಕಂಪನಿ ಅದನ್ನೇ ಜಾಹೀರಾತು ಮಾಡಿಕೊಂಡಿತು. ‘ನಿಷೇಧಿತ’ ಎಂಬ ಅರ್ಥದ ಪದವನ್ನೇ ತನ್ನ ಗುರುತಿನ ಚಿಹ್ನೆಗೆ ಸೇರಿಸಿತು. ಪಿಕಪ್‌ಗಾಗಿ ಬೆಲ್ಟ್ ಪುಲ್ಲಿಯನ್ನು ಸುಧಾರಿಸುವ ಆಸೆ ಇವತ್ತಿನ ವಿಡಿಯೋಗಳಿಂದ ಶುರುವಾಗಿದ್ದಲ್ಲ. ಅದು ಮೋಟಾರ್ ಸೈಕಲ್‌ನಷ್ಟೇ ಹಳೆಯದು.

ಸ್ವಲ್ಪ ಕಾಲದಲ್ಲೇ ರಡ್ಜ್ ಕಂಪನಿ ‘ಮಲ್ಟಿ’ ಎಂಬ ಗಾಡಿ ತಂದಿತು. ಅದರಲ್ಲಿ ಒಂದೇ ಲಿವರ್ ಎಂಜಿನ್ ಕಡೆಯ ಪುಲ್ಲಿಯನ್ನೂ ಹಿಂದಿನ ಚಕ್ರದ ಪುಲ್ಲಿಯನ್ನೂ ಒಟ್ಟಿಗೆ ಬದಲಾಯಿಸುತ್ತಿತ್ತು. ಒಂದು ಹಿಗ್ಗಿದರೆ ಇನ್ನೊಂದು ಕುಗ್ಗುವುದರಿಂದ ಬೆಲ್ಟ್ ಬಿಗಿಯಾಗಿಯೇ ಇರುತ್ತಿತ್ತು. ಇವತ್ತಿನ ಸ್ಕೂಟರ್‌ನಲ್ಲಿರುವುದು ಇದೇ ತತ್ವ. 1914ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಹೆಸರಾಂತ ಟಿ.ಟಿ. ರೇಸಿನ ಸೀನಿಯರ್ ವಿಭಾಗದಲ್ಲಿ ಸಿರಿಲ್ ಪುಲಿನ್ ಗೆದ್ದಿದ್ದು ರಡ್ಜ್ ಗಾಡಿಯ ಮೇಲೆಯೇ.

ಆದರೂ ಬೆಲ್ಟ್ ಸೋತಿತು. ಮಳೆ ಬಂದರೆ ಅದು ಜಾರುತ್ತಿತ್ತು, ಸವೆಯುತ್ತಿತ್ತು. 1911ರಲ್ಲೇ, ಟಿ.ಟಿ. ರೇಸು ಮೊದಲ ಸಲ ಸ್ನೇಫೆಲ್ ಬೆಟ್ಟದ ದಾರಿಗೆ ಬಂದಾಗ, ಅಮೆರಿಕದ ಇಂಡಿಯನ್ ಕಂಪನಿಯ ಗಾಡಿಗಳು ಸೀನಿಯರ್ ವಿಭಾಗದ ಮೊದಲ ಮೂರೂ ಸ್ಥಾನ ಹೊಡೆದಿದ್ದವು. ಅವುಗಳಲ್ಲಿ ಇದ್ದದ್ದು ಚೈನು ಮತ್ತು ಎರಡು ಸ್ಪೀಡಿನ ಗೇರ್‌ಬಾಕ್ಸ್. 1920ರ ದಶಕದಲ್ಲಿ ಬೈಕುಗಳೆಲ್ಲ ಅದೇ ದಾರಿ ಹಿಡಿದವು.

ಕೈಯ ಕೆಲಸ ತೂಕದ ಗುಂಡಿಗೆ

ಬೆಲ್ಟ್ ಸುಮ್ಮನೆ ಕೂರಲಿಲ್ಲ. ತೊಗಲಿನ ಬದಲು ರಬ್ಬರು ಮತ್ತು ದಾರ ಸೇರಿದ ವಿ-ಆಕಾರದ ಬೆಲ್ಟ್‌ಗಳು ಬಂದವು. ಗಿರಣಿ, ಪಂಪು, ಕಣದ ಯಂತ್ರ ಎಲ್ಲಕ್ಕೂ ಅವೇ ಆದವು. ಇವತ್ತು ನಮ್ಮ ಕಡೆ ಭತ್ತ ಕೊಯ್ಯಲು ಬರುವ ದೊಡ್ಡ ಕಂಬೈನ್ ಯಂತ್ರಗಳಲ್ಲೂ ಹಲವು ಗದ್ದೆಯಲ್ಲಿ ನಡೆಯುವ ವೇಗವನ್ನು ಇಂಥದೇ ಹಿಗ್ಗುವ ಕುಗ್ಗುವ ಪುಲ್ಲಿಯಿಂದ ಹೊಂದಿಸಿಕೊಳ್ಳುತ್ತವೆ.

ಮುಂದಿನ ಹೆಜ್ಜೆ, ಸವಾರನ ಕೈಯನ್ನು ಬಿಡಿಸುವುದು. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಲ್ಸ್‌ಬರಿ ಕಂಪನಿ 1930ರ ದಶಕದ ಕೊನೆಯಲ್ಲಿ ತನ್ನ ‘ಮೋಟಾರ್ ಗ್ಲೈಡ್’ ಸ್ಕೂಟರಿಗೆ ತಾನಾಗಿ ಬದಲಾಗುವ ಬೆಲ್ಟ್ ವ್ಯವಸ್ಥೆ ಹಾಕಿತು. ಸವಾರ ಮಾಡಬೇಕಾದದ್ದು ಎರಡೇ ಕೆಲಸ: ವೇಗ ಕೊಡುವುದು, ಬ್ರೇಕ್ ಹಿಡಿಯುವುದು. ಆದರೆ ಯುದ್ಧ ಮುಗಿದ ಮೇಲೆ ಸ್ಕೂಟರ್ ಲೋಕ ಹಿಡಿದದ್ದು ಇಟಲಿಯ ವೆಸ್ಪಾ, ಲ್ಯಾಂಬ್ರೆಟ್ಟಾ ದಾರಿ. ಎಡಗೈ ತಿರುವಿ ಗೇರ್ ಹಾಕುವುದು. ನಮ್ಮ ಬಜಾಜ್ ಚೇತಕ್ ಅದೇ ಮನೆತನದ್ದು.

ಬೆಲ್ಟಿನ ದೊಡ್ಡ ಗೆಲುವು ಕಾರಿನಲ್ಲಿ ಆಯಿತು. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಊರಿನ ಡಾಫ್ ಕಂಪನಿಯ ಹಬ್ ವಾನ್ ಡೋರ್ನ್ ‘ವೇರಿಯೋಮ್ಯಾಟಿಕ್’ ಎಂಬ ವ್ಯವಸ್ಥೆ ಮಾಡಿ, 1958ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ ಡಾಫ್ 600 ಎಂಬ ಸಣ್ಣ ಕಾರನ್ನು ತೋರಿಸಿದರು. ಎಂಜಿನ್ 590 ಸಿಸಿ, ಎರಡು ಸಿಲಿಂಡರ್. ಪುಲ್ಲಿಯೊಳಗೆ ತೂಕದ ತುಂಡುಗಳಿದ್ದವು. ಎಂಜಿನ್ ವೇಗ ಹೆಚ್ಚಿದಂತೆ ಅವು ಹೊರಕ್ಕೆ ಚಿಮ್ಮಿ ತಟ್ಟೆಗಳನ್ನು ಒತ್ತುತ್ತಿದ್ದವು. ಜಾತ್ರೆಯ ತಿರುಗುವ ತೊಟ್ಟಿಲು ಜೋರಾದಂತೆ ಹೊರಕ್ಕೆ ಚಾಚಿಕೊಳ್ಳುವುದಿಲ್ಲವೇ, ಅದೇ ಬಲ.

ಈ ಕಾರು ಹಿಂದಕ್ಕೂ ಮುಂದಕ್ಕೆ ಹೋದಷ್ಟೇ ವೇಗವಾಗಿ ಹೋಗಬಲ್ಲದಾಗಿತ್ತು. ಅದಕ್ಕೇ ಆ ದೇಶದಲ್ಲಿ ಡಾಫ್ ಕಾರುಗಳ ಹಿಮ್ಮುಖ ಓಟದ ಸ್ಪರ್ಧೆಗಳೂ ನಡೆದವು. ಜನ ನಕ್ಕರು. ಆದರೆ ಆ ಬೆಲ್ಟಿನ ವಿದ್ಯೆ ಉಳಿಯಿತು. ರಬ್ಬರಿನ ಬದಲು ಉಕ್ಕಿನ ತುಣುಕುಗಳ ಬೆಲ್ಟ್ ಆಗಿ ಬೆಳೆಯಿತು. ಇವತ್ತು ‘ಸಿವಿಟಿ’ ಎಂದು ಹೆಸರು ಹಾಕಿಕೊಂಡು ಬರುವ ಅನೇಕ ಕಾರುಗಳಲ್ಲಿ ಅದೇ ಇದೆ.

ನಮ್ಮ ರಸ್ತೆಗೆ ಬಂದದ್ದು

ಜಪಾನಿನ ಕಂಪನಿಗಳು ಇದೇ ವಿದ್ಯೆಯನ್ನು ಸಣ್ಣ ಸ್ಕೂಟರಿಗೆ ಇಳಿಸಿದವು. ಹೋಂಡಾ ಅದಕ್ಕೆ ‘ವಿ-ಮ್ಯಾಟಿಕ್’ ಎಂದು ಹೆಸರಿಟ್ಟಿತು. ಭಾರತಕ್ಕೆ ಅದು 1984ರಲ್ಲಿ ಬಂತು. ಲೂನಾ ಮಾಡುತ್ತಿದ್ದ ಪುಣೆಯ ಕೈನೆಟಿಕ್ ಕಂಪನಿ ಹೋಂಡಾ ಜೊತೆ ಸೇರಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಕೈನೆಟಿಕ್ ಹೋಂಡಾ ತಯಾರಿಸಿತು. 98 ಸಿಸಿ, ಎರಡು ಸ್ಟ್ರೋಕಿನ ಎಂಜಿನ್, ಬಟನ್ ಒತ್ತಿದರೆ ಸ್ಟಾರ್ಟ್, ಗೇರಿಲ್ಲ, ಕ್ಲಚ್ ಹಿಡಿಯುವ ಕೆಲಸವಿಲ್ಲ.

ಆಗ ಸ್ಕೂಟರ್ ಎಂದರೆ ಚೇತಕ್. ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಓಡದಿದ್ದರೆ ಓರೆ ಮಾಡಿ ನಿಲ್ಲಿಸಿ, ಕಿಕ್ ಹೊಡೆದು ಹೊಡೆದು ಸುಸ್ತಾಗುವ ಕಾಲ. ಅಂಥ ಹೊತ್ತಿನಲ್ಲಿ ಸೀರೆ ಉಟ್ಟ ಶಿಕ್ಷಕಿಯೊಬ್ಬರು ಬಟನ್ ಒತ್ತಿ ಸದ್ದಿಲ್ಲದೆ ಹೊರಟುಬಿಡಬಹುದು ಎಂಬುದು ಸಣ್ಣ ಬದಲಾವಣೆ ಆಗಿರಲಿಲ್ಲ. ‘ಪೆಟ್ರೋಲ್ ಜಾಸ್ತಿ ಕುಡಿಯುತ್ತೆ’ ಎಂಬ ದೂರೂ ಜೊತೆಗೇ ಇತ್ತು.

1998ರಲ್ಲಿ ಆ ಜೋಡಿ ಬೇರೆಯಾಯಿತು. ಹೋಂಡಾ ಸ್ವಂತ ಕಂಪನಿ ಕಟ್ಟಿ, 2001ರಲ್ಲಿ ನಾಲ್ಕು ಸ್ಟ್ರೋಕಿನ ಆಕ್ಟಿವಾ ಮಾರುಕಟ್ಟೆಗೆ ತಂದಿತು. ಆಮೇಲಿನದು ನಿಮಗೇ ಗೊತ್ತು. 2013ರಲ್ಲಿ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ಹೋಂಡಾದ ದ್ವಿಚಕ್ರ ಕಾರ್ಖಾನೆ ಶುರುವಾಯಿತು. ಹಾಲಿನ ಕ್ಯಾನ್, ಮೇವಿನ ಹೊರೆ, ಶಾಲೆಯ ಮಕ್ಕಳು, ಸಂತೆಯ ಚೀಲ ಎಲ್ಲವನ್ನೂ ಗೇರಿಲ್ಲದ ಗಾಡಿ ಹೊತ್ತಿತು.

ಇಲ್ಲೊಂದು ಮಾತು ಗಮನಿಸಿ. ಝೆನಿತ್ ಸವಾರನಿಗೆ ತನ್ನ ಬೆಲ್ಟ್ ಕಣ್ಣೆದುರೇ ಇತ್ತು. ಸವೆದರೆ ಕಾಣುತ್ತಿತ್ತು, ಜಾರಿದರೆ ಕೈಗೇ ತಿಳಿಯುತ್ತಿತ್ತು. ನಮ್ಮ ಗಾಡಿಯಲ್ಲಿ ಬೆಲ್ಟ್ ಮುಚ್ಚಿದ ಡಬ್ಬಿಯೊಳಗೆ ಹೋಯಿತು. ಕೆಲಸ ಕೈ ಬಿಟ್ಟಿತು, ಜೊತೆಗೆ ಗಮನವೂ ಬಿಟ್ಟಿತು. ಚೈನು ಸಡಿಲವಾದರೆ ಬೈಕಿನವನಿಗೆ ಸದ್ದು ಕೇಳುತ್ತದೆ. ಬೆಲ್ಟ್ ದಿನಕ್ಕಿಷ್ಟು ಎಂದು ಸವೆಯುವಾಗ ಅಂಥ ಸದ್ದೇನೂ ಬರುವುದಿಲ್ಲ.

ದೊಡ್ಡ ಸ್ಕೂಟರ್‌ಗಳ ಕಾಲ

ಅತ್ತ ಜಪಾನ್, ಯುರೋಪಿನಲ್ಲಿ ಸ್ಕೂಟರ್ ದೊಡ್ಡದಾಗುತ್ತಾ ಹೋಯಿತು. 1986ರಲ್ಲಿ ಹೋಂಡಾ ಸಿಎನ್250 ಬಂತು. ಕಾಲು ಮುಂದಕ್ಕೆ ಚಾಚಿ, ಒರಗಿ ಕೂರುವ ಉದ್ದನೆಯ ಗಾಡಿ. 1995ರಲ್ಲಿ ಯಮಹಾ ಮೆಜೆಸ್ಟಿ 250, 1998ರಲ್ಲಿ ಸುಜುಕಿ ಬರ್ಗ್‌ಮನ್ 400, 2001ರಲ್ಲಿ ಯಮಹಾ ಟಿಮ್ಯಾಕ್ಸ್ ಬಂದವು. ಇವಕ್ಕೇ ಮ್ಯಾಕ್ಸಿ ಸ್ಕೂಟರ್ ಎಂದು ಹೆಸರು. ಟಿಮ್ಯಾಕ್ಸ್‌ಗೆ 499 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಸಾಮಾನ್ಯ ಸ್ಕೂಟರಿನಲ್ಲಿ ಎಂಜಿನ್ ಹಿಂದಿನ ಚಕ್ರದ ಜೊತೆ ಮೇಲೆ ಕೆಳಗೆ ಕುಲುಕುತ್ತದೆ. ಟಿಮ್ಯಾಕ್ಸ್‌ನಲ್ಲಿ ಅದನ್ನು ಬೈಕಿನ ಹಾಗೆ ಚಾಸಿಗೇ ಬಿಗಿದರು. ಆದರೆ ಒಳಗಿನ ವೇರಿಯೇಟರ್, ರೋಲರ್, ರಬ್ಬರ್ ಬೆಲ್ಟ್ ಅದೇ ಹಳೆಯ ತತ್ವದ್ದೇ.

ಇಲ್ಲೇ ತೊಂದರೆ ಎದ್ದಿತು. ಎರಡು ಕ್ವಿಂಟಲ್ ತೂಗುವ ಗಾಡಿ. ಬೈಕಿನ ಬೆಲೆ ಕೊಟ್ಟವರಿಗೆ ಬೈಕಿನ ಪಿಕಪ್ ಬೇಕು. ಕಂಪನಿಯಾದರೋ ಪೆಟ್ರೋಲ್ ಉಳಿಯಬೇಕು, ಸದ್ದು ಹೊಗೆ ಕಡಿಮೆಯಿರಬೇಕು, ಬೆಲ್ಟ್ ಬಾಳಬೇಕು ಎಂದು ರೋಲರ್ ತೂಕ ನಿಗದಿ ಮಾಡಿರುತ್ತದೆ. ಹೊರಡುವಾಗ ಒಂದು ಕ್ಷಣದ ಜಡತನ ಹಲವರಿಗೆ ಸಹಿಸಲಾಗಲಿಲ್ಲ.

ಸುಜುಕಿ 2002ರಲ್ಲಿ 638 ಸಿಸಿಯ ಬರ್ಗ್‌ಮನ್ 650 ತಂದಾಗ ಇದಕ್ಕೆ ಬೇರೆಯೇ ಉತ್ತರ ಕೊಟ್ಟಿತು. ಅದರಲ್ಲಿ ಪುಲ್ಲಿಯನ್ನು ಸರಿಸುವುದು ರೋಲರ್ ಅಲ್ಲ, ಕಂಪ್ಯೂಟರ್ ಹೇಳಿದಂತೆ ಕೇಳುವ ಒಂದು ಸಣ್ಣ ಮೋಟಾರು. ‘ಪವರ್’ ಬಟನ್ ಒತ್ತಿದರೆ ಎಂಜಿನ್ ಹೆಚ್ಚು ಸುತ್ತಿನಲ್ಲೇ ಉಳಿದು ಗಾಡಿ ಚುರುಕಾಗುತ್ತದೆ. ಬೇಕೆಂದರೆ ಹೆಬ್ಬೆರಳಿನಿಂದ ಗೇರಿನ ಹಾಗೆ ಹಂತ ಹಂತವಾಗಿಯೂ ಬದಲಾಯಿಸಬಹುದು. ಝೆನಿತ್ ಸವಾರನ ಕೈಗೆ ಇದ್ದ ಅಧಿಕಾರ ಸುಮಾರು ತೊಂಬತ್ತೈದು ವರ್ಷಗಳ ಬಳಿಕ ಬಟನ್ ರೂಪದಲ್ಲಿ ಮರಳಿ ಬಂತು.

ಅಷ್ಟು ದುಬಾರಿ ವ್ಯವಸ್ಥೆ ಎಲ್ಲರಿಗೂ ಎಲ್ಲಿ ಸಾಧ್ಯ? ಉಳಿದವರು ಹೋದದ್ದು ಬಿಡಿಭಾಗದ ಅಂಗಡಿಗೆ.

ಇಟಲಿಯ ಬಿಡಿಭಾಗ

ಇಟಲಿಯಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. ಬೊಲೋನ್ಯ ಕಡೆಯ ಮಲೋಸಿ ಕಂಪನಿ 1930ರಲ್ಲಿ, ಬೆರ್ಗಾಮೋ ಕಡೆಯ ಪೋಲಿನಿ 1945ರಲ್ಲಿ ಶುರುವಾದವು. 1990ರ ದಶಕದಲ್ಲಿ ಯುರೋಪಿನ ಹದಿಹರೆಯದ ಹುಡುಗರ ಕೈಗೆ 50 ಸಿಸಿಯ ಗೇರಿಲ್ಲದ ಸ್ಕೂಟರ್‌ಗಳು ಬಂದಾಗ, ಅವಕ್ಕೆ ಹಾಕುವ ವೇರಿಯೇಟರ್, ರೋಲರ್, ಸ್ಪ್ರಿಂಗ್, ಬೆಲ್ಟ್‌ಗಳ ದೊಡ್ಡ ವ್ಯಾಪಾರವೇ ಬೆಳೆಯಿತು. ಅದೇ ಕಂಪನಿಗಳು ಮುಂದೆ ಮ್ಯಾಕ್ಸಿ ಸ್ಕೂಟರಿಗೂ ಕಿಟ್ ಮಾಡಿದವು. ತೈವಾನಿನ ಡಾಕ್ಟರ್ ಪುಲ್ಲಿ ಎಂಬ ಕಂಪನಿ ದುಂಡನೆಯ ರೋಲರಿನ ಬದಲು ಜಾರುವ ಚಪ್ಪಟೆ ತುಂಡುಗಳನ್ನು ಮಾಡಿತು.

ಈ ಗಾಳಿ ನಮ್ಮಲ್ಲಿಗೂ ಬಂದಿದೆ. 2018ರಲ್ಲಿ ಸುಜುಕಿ ಬರ್ಗ್‌ಮನ್ ಸ್ಟ್ರೀಟ್ 125 ಬಂತು. ಮೈ ಮ್ಯಾಕ್ಸಿ ಸ್ಕೂಟರಿನದು, ಎಂಜಿನ್ ಆಕ್ಸೆಸ್‌ನ ಹಾಗೆ 124 ಸಿಸಿಯದು. 2021ರಲ್ಲಿ ಯಮಹಾ ಏರಾಕ್ಸ್ 155 ಬಂತು. ಏರಾಕ್ಸ್ ಎಂಬುದು 1990ರ ದಶಕದಲ್ಲಿ ಯುರೋಪಿನ ಹುಡುಗರ 50 ಸಿಸಿ ಗಾಡಿಗೆ ಇದ್ದ ಹೆಸರೇ. ಹಾಗಾಗಿ ಆ ಕಾಲದ ಕಿಟ್ ಮಾತುಗಳೂ ಅದರ ಜೊತೆಗೇ ನಮ್ಮ ಮೊಬೈಲಿಗೆ ಬಂದಿವೆ.

ಈ ಕಿಟ್‌ಗಳು ನಿಜವಾಗಿ ಮಾಡುವುದೇನು?

ರೋಲರ್ ಹಗುರ ಮಾಡಿದರೆ, ಅವು ಹೊರಕ್ಕೆ ಚಿಮ್ಮಿ ಪುಲ್ಲಿಯನ್ನು ಒತ್ತಲು ಎಂಜಿನ್ ಇನ್ನೂ ಜೋರಾಗಿ ಸುತ್ತಬೇಕು. ಅಂದರೆ ಗಾಡಿ ‘ಕಡಿಮೆ ಗೇರಿನಲ್ಲಿ’ ಹೆಚ್ಚು ಹೊತ್ತು ಉಳಿಯುತ್ತದೆ. ಪಿಕಪ್ ಹೆಚ್ಚುತ್ತದೆ, ಏರು ಚೆನ್ನಾಗಿ ಹತ್ತುತ್ತದೆ. ಬದಲಿಗೆ ಎಂಜಿನ್ ಸದ್ದು ಹೆಚ್ಚು, ಪೆಟ್ರೋಲ್ ಹೆಚ್ಚು. ಅತಿ ಹಗುರವಾದರೆ ಎಂಜಿನ್ ಕೂಗುತ್ತಲೇ ಇರುತ್ತದೆ, ಗಾಡಿ ಓಡಬೇಕಾದಷ್ಟು ಓಡುವುದಿಲ್ಲ. ರೋಲರ್ ಭಾರ ಮಾಡಿದರೆ ಇದರ ಉಲ್ಟಾ: ಎಂಜಿನ್ ಶಾಂತ, ಗಾಡಿ ಜಡ.

ಹಿಂದಿನ ಪುಲ್ಲಿಯ ದೊಡ್ಡ ಸ್ಪ್ರಿಂಗ್ ಗಟ್ಟಿ ಮಾಡಿದರೆ ಏರಿನಲ್ಲಿ ಗಾಡಿ ಬೇಗ ಬಲಕ್ಕೆ ಇಳಿಯುತ್ತದೆ. ಆದರೆ ಬೆಲ್ಟ್ ಮೇಲೆ ಒತ್ತಡ, ಬಿಸಿ ಹೆಚ್ಚಾಗಿ ಬೇಗ ಸವೆಯುತ್ತದೆ. ಕ್ಲಚ್ ಸ್ಪ್ರಿಂಗ್ ಗಟ್ಟಿ ಮಾಡಿದರೆ ಎಂಜಿನ್ ಜೋರಾದ ಮೇಲೆ ಕ್ಲಚ್ ಹಿಡಿಯುತ್ತದೆ, ಗಾಡಿ ಜಿಗಿದು ಹೊರಡುತ್ತದೆ. ಹಿಂದೆ ಹೆಂಡತಿ ಮಗು ಕೂತಿರುವ ಗಾಡಿಗೆ ಆ ಜಿಗಿತ ಬೇಕೇ ಎಂದು ಯೋಚಿಸಿ.

ಈ ಭಾಗಗಳಲ್ಲಿ ಯಾವುದೂ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಇರುವ ಶಕ್ತಿ ಯಾವಾಗ, ಎಷ್ಟು ಚಕ್ರಕ್ಕೆ ತಲುಪಬೇಕು ಎನ್ನುವುದನ್ನು ಬದಲಾಯಿಸುತ್ತವೆ ಅಷ್ಟೆ. ಒಂದು ಕಡೆ ಪಡೆದದ್ದಕ್ಕೆ ಇನ್ನೊಂದು ಕಡೆ ಕೊಡಲೇಬೇಕು.

ಮೊದಲು ಡಬ್ಬಿ ತೆಗೆಸಿ

ಹಾಗಾದರೆ ಪಿಕಪ್ ಹೋದ ಗಾಡಿಗೆ ಏನು ಮಾಡಬೇಕು? ಹೊಸದರಲ್ಲಿ ಚೆನ್ನಾಗಿ ಓಡುತ್ತಿದ್ದ ಗಾಡಿ ಈಗ ಓಡುತ್ತಿಲ್ಲ ಎಂದರೆ ಅದಕ್ಕೆ ಬೇಕಾದದ್ದು ಅಪ್‌ಗ್ರೇಡ್ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಮಾಡುವುದು.

ಮೊದಲು ಖರ್ಚಿಲ್ಲದ್ದು ನೋಡಿ. ಟೈರಿನಲ್ಲಿ ಗಾಳಿ ಸರಿಯಿದೆಯೇ? ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದರೆ ಬ್ರೇಕ್ ಹಿಡಿದುಕೊಂಡಿದೆಯೇ? ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದೆಯೇ? ಇವು ಸರಿಯಿದ್ದರೆ ಎಡಗಡೆಯ ಡಬ್ಬಿಗೆ ಬನ್ನಿ. ಲಕ್ಷಣಗಳು ಹೀಗಿರುತ್ತವೆ:

– ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ: ಬೆಲ್ಟ್ ಜಾರುತ್ತಿದೆ, ಇಲ್ಲವೇ ಕ್ಲಚ್ ಶೂ ಸವೆದಿದೆ.

– ಹೊರಡುವಾಗ ಗಡಗಡ ನಡುಗುತ್ತದೆ, ಆಮೇಲೆ ಸರಿಹೋಗುತ್ತದೆ: ಕ್ಲಚ್ ಮತ್ತು ಅದರ ಹೊರಗಿನ ಬಟ್ಟಲಿನಲ್ಲಿ ಧೂಳು ಕೂತು ನುಣುಪಾಗಿರಬಹುದು.

– ಹೊರಡುವಾಗ ಜಡ, ಓಡುತ್ತಾ ಸರಿಹೋಗುತ್ತದೆ: ಪುಲ್ಲಿ ಪೂರ್ತಿ ಹಿಂದಕ್ಕೆ ಮರಳುತ್ತಿಲ್ಲ. ರೋಲರ್ ಸಿಕ್ಕಿಕೊಂಡಿರಬಹುದು, ಹಿಂದಿನ ಪುಲ್ಲಿ ಬಿಗಿದಿರಬಹುದು.

– ಮಧ್ಯದ ವೇಗದಲ್ಲಿ ತಡೆದು ತಡೆದು ಹೋಗುತ್ತದೆ: ರೋಲರ್ ಒಂದು ಕಡೆ ಚಪ್ಪಟೆಯಾಗಿರಬಹುದು. ದುಂಡಗಿರಬೇಕಾದದ್ದು ಚಪ್ಪಟೆಯಾದರೆ ಉರುಳುವುದಿಲ್ಲ, ನಿಂತುಬಿಡುತ್ತದೆ.

– ಹೊಳೆ, ನೀರು ತುಂಬಿದ ರಸ್ತೆ ದಾಟಿದ ಮೇಲೆ ಎಳೆತ ಹೋಯಿತು: ಡಬ್ಬಿಯೊಳಗೆ ನೀರು ಹೋಗಿ ಬೆಲ್ಟ್ ಜಾರುತ್ತಿರಬಹುದು.

ಬೆಲ್ಟಿನ ಸವೆತ ಬರೀ ಬಿರುಕಿನಲ್ಲಿ ಕಾಣುವುದಿಲ್ಲ. ಅದು ಅಗಲದಲ್ಲಿ ಸವೆಯುತ್ತದೆ. ಅಗಲ ಕಡಿಮೆಯಾದ ಬೆಲ್ಟ್ ಪುಲ್ಲಿಯಲ್ಲಿ ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ. ನೋಡಲು ಚೆನ್ನಾಗಿಯೇ ಇರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಕನಿಷ್ಠ ಅಗಲ ಎಷ್ಟಿರಬೇಕು ಎಂಬುದು ಕಂಪನಿಯ ಸರ್ವೀಸ್ ಪುಸ್ತಕದಲ್ಲಿರುತ್ತದೆ. ಮೆಕ್ಯಾನಿಕ್ ವರ್ನಿಯರ್ ಇಟ್ಟು ಅಳೆಯುತ್ತಾನೆಯೇ ನೋಡಿ. ಬೆಲ್ಟ್ ಬದಲಾಯಿಸುವ ಅವಧಿ ಹಲವು ಸ್ಕೂಟರ್‌ಗಳಿಗೆ 20,000ದಿಂದ 25,000 ಕಿಲೋಮೀಟರ್ ಆಸುಪಾಸು. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವ ಲೆಕ್ಕವೇ ಅಂತಿಮ.

ನಮ್ಮ ಕಡೆಯ ಕೆಂಪು ಧೂಳು, ಕಣದ ಹೊಟ್ಟು, ಎರಡಾಳಿನ ಜೊತೆ ಮೂಟೆ ಇವೆಲ್ಲ ಆ ಲೆಕ್ಕವನ್ನು ಇನ್ನೂ ಹತ್ತಿರ ತರುತ್ತವೆ. ಬೆಲ್ಟ್ ತಂಪಾಗಿರಲೆಂದು ಮುಂದಿನ ಪುಲ್ಲಿಯ ರೆಕ್ಕೆಗಳು ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತವೆ. ಗಾಳಿಯ ಜೊತೆ ಧೂಳೂ ಬರುತ್ತದೆ. ಕೆಲವು ಗಾಡಿಗಳಲ್ಲಿ ಅದಕ್ಕೆಂದೇ ಸ್ಪಂಜಿನ ಬೇರೆ ಫಿಲ್ಟರ್ ಇರುತ್ತದೆ. ಅದೊಂದಿದೆ ಎಂಬುದೇ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ.

ಮೆಕ್ಯಾನಿಕ್ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಗಮನಿಸಬೇಕಾದ ನಾಲ್ಕು ವಿಷಯಗಳಿವೆ.

ಒಂದು, ಪುಲ್ಲಿಯ ಮುಖಕ್ಕೆ, ಬೆಲ್ಟಿಗೆ ಎಣ್ಣೆ ಗ್ರೀಸ್ ತಾಗಬಾರದು. ಬೆಲ್ಟ್ ಹಿಡಿಯುವುದು ಉಜ್ಜಾಟದಿಂದ. ಜಿಡ್ಡಾದರೆ ಜಾರುತ್ತದೆ. ಕಂಪನಿ ಪುಸ್ತಕ ಹೇಳಿದ ಜಾಗಕ್ಕೆ, ಹೇಳಿದ ಗ್ರೀಸ್ ಮಾತ್ರ.

ಎರಡು, ರೋಲರ್ ಬದಲಾಯಿಸಿದರೆ ಇಡೀ ಸೆಟ್ ಬದಲಾಯಿಸಬೇಕು. ಸವೆದದ್ದು ಎರಡೇ ಎಂದು ಎರಡನ್ನೇ ಹಾಕಿದರೆ ತೂಕ ಹೊಂದುವುದಿಲ್ಲ.

ಮೂರು, ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೇ ಇರಬೇಕು.

ನಾಲ್ಕನೆಯದು ಬಹಳ ಮುಖ್ಯ. ಬೆಲ್ಟ್ ಹಾಕುವಾಗ ಹಿಂದಿನ ಪುಲ್ಲಿಯನ್ನು ಕೈಯಿಂದ ಅಗಲಿಸಿ ಬೆಲ್ಟನ್ನು ಒಳಕ್ಕೆ ತಳ್ಳಿ, ಮುಂದೆ ಸಡಿಲ ಮಾಡಿಕೊಂಡ ಮೇಲೆಯೇ ಮುಂದಿನ ನಟ್ ಬಿಗಿಯಬೇಕು. ಇಲ್ಲದಿದ್ದರೆ ಬೆಲ್ಟ್ ತಟ್ಟೆಗಳ ನಡುವೆ ಸಿಕ್ಕಿಕೊಂಡು ನಟ್ ಬಿಗಿಯಾದ ಹಾಗೆ ಕಾಣುತ್ತದೆ. ಗಾಡಿ ಓಡಿದ ಮೇಲೆ ಬೆಲ್ಟ್ ಜಾಗಕ್ಕೆ ಬಂದು ನಟ್ ಸಡಿಲವಾಗುತ್ತದೆ. ಆಗ ಶಾಫ್ಟಿನ ಹಲ್ಲುಗಳು ಕಿತ್ತುಹೋಗಿ ಕೆಲವು ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಹೋಗುತ್ತದೆ.

ಇನ್ನೊಂದು: ಡಬ್ಬಿ ತೆಗೆದಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ ‘ಹೇಗೆ ತಿರುಗುತ್ತೆ ನೋಡೋಣ’ ಎನ್ನುವ ಆಟ ಬೇಡ. ಬೆರಳು, ಪಂಚೆಯ ಅಂಚು, ದುಪ್ಪಟ್ಟಾ ಎಳೆದುಕೊಳ್ಳಲು ಆ ಬೆಲ್ಟಿಗೆ ಒಂದು ಕ್ಷಣ ಸಾಕು.

ಆಮೇಲೆ ಬೇಕಿದ್ದರೆ ಅಪ್‌ಗ್ರೇಡ್

ಸರ್ವೀಸ್ ಆದ ಮೇಲೂ ಸಾಲದು ಅನಿಸಿದರೆ, ನಿಮ್ಮ ದಾರಿ ನೋಡಿಕೊಂಡು ತೀರ್ಮಾನಿಸಿ. ಮಲೆನಾಡಿನ ಏರಿಳಿತದಲ್ಲಿ ದಿನವೂ ಹೊರೆ ಹೊರುವವರಿಗೆ ಸ್ವಲ್ಪ ಹಗುರ ರೋಲರ್‌ನಿಂದ ನಿಜವಾಗಿ ಅನುಕೂಲವಾಗಬಹುದು. ಬಯಲುಸೀಮೆಯ ನೇರ ರಸ್ತೆಯಲ್ಲಿ ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸುವವರಿಗೆ ಅದರಿಂದ ಸಿಗುವುದು ಹೆಚ್ಚು ಪೆಟ್ರೋಲ್ ಬಿಲ್ಲು. ಬದಲಾಯಿಸುವುದಾದರೆ ಒಮ್ಮೆಗೆ ಒಂದೇ ಭಾಗ ಬದಲಾಯಿಸಿ, ಸ್ವಲ್ಪ ಸ್ವಲ್ಪವೇ ಬದಲಾಯಿಸಿ. ಒಂದೊಂದು ರೋಲರಿಗೆ ಒಂದು ಗ್ರಾಂ ವ್ಯತ್ಯಾಸವೂ ಕೈಗೆ ತಿಳಿಯುತ್ತದೆ. ತೆಗೆದ ಹಳೆಯ ಭಾಗ ಚೆನ್ನಾಗಿದ್ದರೆ ಜೋಪಾನ ಮಾಡಿ. ವಾರಂಟಿ ಇರುವ ಗಾಡಿಯಾದರೆ ಮುಟ್ಟುವ ಮೊದಲು ಕೇಳಿಕೊಳ್ಳಿ.

ಇಷ್ಟೆಲ್ಲ ಬರೆಯಲು ಕಾರಣ ವೇಗದ ಹುಚ್ಚಲ್ಲ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋದವರು ಅರ್ಧದಲ್ಲಿ ಎಳೆತವಿಲ್ಲದೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಸಂಜೆ ಹೊತ್ತಲ್ಲಿ ಊರಿಗೂ ಪೇಟೆಗೂ ನಡುವೆ ಬೆಲ್ಟ್ ಹರಿದರೆ ಗಾಡಿಯಲ್ಲಿ ಪೆಟ್ರೋಲ್ ತುಂಬಿದ್ದರೂ ಅದು ಒಂದಡಿ ಮುಂದೆ ಹೋಗುವುದಿಲ್ಲ. ಒಂಟಿಯಾಗಿ ಬರುತ್ತಿರುವ ಆಶಾ ಕಾರ್ಯಕರ್ತೆಗೋ, ಟ್ಯೂಷನ್ ಮುಗಿಸಿ ಬರುವ ಹುಡುಗಿಗೋ ಅದು ಬರೀ ರಿಪೇರಿಯ ವಿಷಯವಲ್ಲ. ಅವರಿಗೆ ಊರಿನ ಹೊರಗೆ ಹೋಗಿಬರುವ ಸ್ವಾತಂತ್ರ್ಯ ಕೊಟ್ಟದ್ದು ಇದೇ ಗೇರಿಲ್ಲದ ಗಾಡಿ.

ಈಗ ಎಲೆಕ್ಟ್ರಿಕ್ ಸ್ಕೂಟರ್‌ಗಳು ಬರುತ್ತಿವೆ. ಅವುಗಳಲ್ಲಿ ವೇರಿಯೇಟರ್ ಇಲ್ಲ, ರೋಲರ್ ಇಲ್ಲ. ಮೋಟಾರಿಗೆ ನಿಂತ ಜಾಗದಿಂದಲೇ ಬಲವಿರುವುದರಿಂದ ಪುಲ್ಲಿ ಹಿಗ್ಗಬೇಕಾದ ಅಗತ್ಯವೇ ಬರುವುದಿಲ್ಲ. ಝೆನಿತ್ ಕಾಲದಿಂದ ನಡೆದುಬಂದ ಈ ವಿದ್ಯೆ ಮುಂದೊಂದು ದಿನ ಸ್ಕೂಟರಿನಿಂದ ಇಳಿದುಹೋಗಬಹುದು. ಆದರೆ ನಮ್ಮ ಊರುಗಳ ಅಂಗಳದಲ್ಲಿ ಈಗ ನಿಂತಿರುವ ಪೆಟ್ರೋಲ್ ಸ್ಕೂಟರ್‌ಗಳು ಇನ್ನೂ ಎಷ್ಟೋ ವರ್ಷ ಓಡಬೇಕು.

ಮುಂದಿನ ಸಲ ಸರ್ವೀಸಿಗೆ ಬಿಟ್ಟಾಗ ಆಯಿಲ್ ಬದಲಾಯಿಸಿ, ತೊಳೆದು ಕೊಟ್ಟರೆ ಸಾಕು ಎಂದು ಬಂದುಬಿಡಬೇಡಿ. ‘ಎಡಗಡೆ ಡಬ್ಬಿ ಕೊನೆಗೆ ತೆಗೆದದ್ದು ಯಾವಾಗ? ಬೆಲ್ಟ್ ಅಗಲ ಎಷ್ಟಿದೆ?’ ಎಂದು ಕೇಳಿ. ಉತ್ತರವನ್ನು ಕಿಲೋಮೀಟರ್ ಜೊತೆ ಸರ್ವೀಸ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ.